ಕಣ್ಣು ಮುಚ್ಚಿ ಕೇಳುವ ತರಗತಿ

ಬಾದಾಮಿಯಲ್ಲಿ ನಡೆದ ಸಂಗೀತ ತರಬೇತಿಗೆ ನನ್ನನ್ನು ಕಳಿಸಿದ್ದು ನಾನು ಚೆನ್ನಾಗಿ ಹಾಡುತ್ತೇನೆಂದಲ್ಲ. ಉಳಿದ ಶಿಕ್ಷಕರ ಮನೆಗಳಲ್ಲಿ ಆ ವಾರ ಮದುವೆಗಳಿದ್ದವು. ಇಳಕಲ್ಲಿನ ಅಂಚಿನಲ್ಲಿದ್ದ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಆಗ ಶಿಕ್ಷಕಿ. ಚಿಕ್ಕಂದಿನಲ್ಲಿ ಅಜ್ಜನ ಹತ್ತಿರ ನಾಲ್ಕಾರು ರಾಗ ಕಲಿತಿದ್ದೆ, ಅಷ್ಟೇ. ಮಕ್ಕಳಿಗೆ ಹಾಡುವುದನ್ನೂ, ಲಕ್ಷ್ಯಗೊಟ್ಟು ಕೇಳುವುದನ್ನೂ ಹೇಗೆ ಕಲಿಸಬೇಕು ಎಂಬುದು ತರಬೇತಿಯ ವಿಷಯ. ತರಬೇತಿ ಕೊಡಲು ಬಂದವರು ಬೆಳಗಿನಿಂದ ಸಂಜೆಯವರೆಗೆ ಕೇಳುವುದರ ಮಹತ್ವವನ್ನು ಹೇಳಿದರು. ಹಿಂದಿನ ಸಾಲಿನಿಂದ ಒಬ್ಬ ಮಾಸ್ತರರು ಎದ್ದು, "ಸರ್, ಒಂದು ಹಾಡರ ಕೇಳಸ್ರಿ" ಎಂದರು.

"ಅದು ಕಡೀ ಪಿರಿಯಡ್‌ನ್ಯಾಗ ಐತ್ರಿ."

ಕಡೆಯ ಪಿರಿಯಡ್ಡಿನಲ್ಲಿ ವಂದನಾರ್ಪಣೆ ಇತ್ತು.

ಆದರೂ ಹಾಡುವ ಮೊದಲು ಮಕ್ಕಳು ಕೇಳುವುದನ್ನು ಕಲಿಯಬೇಕು ಎಂಬ ಅವರ ಮಾತು ನನಗೆ ಹಿಡಿಸಿತು. ನಮ್ಮ ಶಾಲೆಯಲ್ಲಿ ಹಾಡು ಎಂದರೆ ಕೂಗುವುದು. ಪ್ರಾರ್ಥನೆ ಬಸ್ ಸ್ಟ್ಯಾಂಡಿನ ತನಕ ಕೇಳಿಸಿದರೆ ಶಾಲೆ ಚೆನ್ನಾಗಿ ನಡೆದಿದೆ ಎಂಬುದು ಹೆಡ್‌ಮಾಸ್ತರರ ನಂಬಿಕೆ. ಶಾಲೆಗೆ ಒಂದು ಹಾರ್ಮೋನಿಯಂ ಇತ್ತು. ಅದನ್ನು ಅವರು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ಕೇಳಿದರೆ, "ಬಾರಿಸಿದ್ರ ಹಾಳಾಗ್ತತ್ರಿ ಮೇಡಂ" ಎನ್ನುತ್ತಿದ್ದರು. ಒಳಗೆ ಅದರ ತಿದಿಯನ್ನು ಇಲಿಗಳು ಆಗಲೇ ತಿಂದು ಮುಗಿಸಿದ್ದವು.

ಹೀಗಾಗಿ ನಾಲ್ಕನೆಯ ತರಗತಿಯಲ್ಲಿ ಬರಿಗೈಯಿಂದಲೇ ಸುರು ಮಾಡಿದೆ. ಮೊದಲು ನಾನೇ 'ಸಾ' ಹಾಡಿ ತೋರಿಸಿದೆ. ಆಮೇಲೆ ಮಕ್ಕಳಿಗೆ ಕಣ್ಣು ಮುಚ್ಚಿ, ಕಿವಿಗೆ ಬಿದ್ದದ್ದನ್ನೆಲ್ಲ ನೆನಪಿಟ್ಟುಕೊಳ್ಳಿ ಎಂದೆ. ಕೋಣೆ ಗಪ್ಪಾಯಿತು. ಹೆಡ್‌ಮಾಸ್ತರರು ಗಾಬರಿಯಾಗಿ ಓಡಿ ಬಂದರು.

"ಏನ್ರಿ ಮೇಡಂ, ಹುಡುಗರು ಮಲಗ್ಯಾವಲ್ರಿ?"

"ಇಲ್ರಿ ಸರ್, ಕೇಳಾಕತ್ತಾವ್ರಿ."

"ಏನ ಕೇಳಾಕತ್ತಾವು?"

"ಹೊರಗಿನ ಸಪ್ಪಳಾರಿ."

"ಅದನ್ನ ಕೇಳಾಕ ಸಾಲಿಗ್ಯಾಕ ಬರಬೇಕ್ರಿ? ಮನ್ಯಾಗ ಕುಂತ್ರೂ ಕೇಳಸ್ತೈತಿ."

ಅವರು ಹೋದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹೇಳಿದರು. ಗುಬ್ಬಿ, ಬಿಸಿಯೂಟದ ಕುಕ್ಕರ್, ಹೆಡ್‌ಮಾಸ್ತರರ ಚಪ್ಪಲಿ. ನೇಕಾರರ ಮನೆಯ ಒಬ್ಬ ಹುಡುಗಿ, ವರ್ಷವೆಲ್ಲ ಹಾಜರಿ ಕರೆದಾಗ ಬಿಟ್ಟರೆ ಬಾಯಿ ತೆರೆಯದವಳು, ಕೈ ಎತ್ತಿದಳು.

"ಟೀಚರ್, ಹಿಂದ ಕಲ್ಲು ಪಾಲಿಶ್ ಮಾಡೂ ಮಷಿನ್ ಐತಲ್ರಿ, ಅದೂ ನಿಮ್ಮಂಗ 'ಸಾ' ಅಂತೈತ್ರಿ."

ಶಾಲೆಯ ಹಿಂಗೋಡೆಗೆ ಹತ್ತಿಕೊಂಡೇ ಗ್ರಾನೈಟ್ ಕಾರ್ಖಾನೆ ಇತ್ತು. ಆ ಗುಂಯ್‌ಗುಡುವಿಕೆಯನ್ನು ನಾನು ವರ್ಷಗಟ್ಟಲೆ ಬೈದಿದ್ದೆನೇ ಹೊರತು ಕೇಳಿರಲಿಲ್ಲ. ಅದಕ್ಕೆ ದನಿ ಕೂಡಿಸಿ ನೋಡಿದೆ. ಹುಡುಗಿ ಹೇಳಿದ್ದು ಖರೆ. ಅಂದಿನಿಂದ ಅದೇ ನಮ್ಮ ತಂಬೂರಿ. ಕಲ್ಲಿನ ಮೇಲೆ ಭಾರ ಬಿದ್ದು ಮಷಿನ್ನಿನ ದನಿ ಇಳಿದರೆ ಮಕ್ಕಳೂ ಇಳಿಯುತ್ತಿದ್ದರು. ಕರೆಂಟ್ ಹೋದರೆ ಸಂಗೀತದ ಪಿರಿಯಡ್ ಮುಗಿದಂತೆ. ಕೂಗುವುದು ಮಾತ್ರ ತಾನಾಗಿಯೇ ನಿಂತಿತು, ಏಕೆಂದರೆ ಕೂಗಿದರೆ 'ಸಾ' ಕೇಳಿಸುತ್ತಿರಲಿಲ್ಲ.

ಹೀಗಿರುವಾಗ ಸಂಗೀತ ಕಲಿಕೆಯನ್ನು ನೋಡಲು ಮೇಲಿನ ಅಧಿಕಾರಿ ಬರುತ್ತಾರೆಂದು ಸುದ್ದಿ ಬಂತು. ಹೆಡ್‌ಮಾಸ್ತರರು ಗೇಟಿಗೆ ಬಣ್ಣ ಬಳಿಸಿದರು, ನಮಗೆಲ್ಲ ಇಳಕಲ್ ಸೀರೆ ಉಟ್ಟು ಬರಲು ಹೇಳಿದರು. ಬಳಿಕ, ಯಾರನ್ನೂ ಕೇಳದೆ, ಕಾರ್ಖಾನೆಯ ಮಾಲಕರಿಗೆ ಕೈಮುಗಿದು ಆ ಹೊತ್ತಿಗೆ ಮಷಿನ್ ಬಂದ್ ಮಾಡಿಸಿದರು.

ಅಧಿಕಾರಿ ಕುಳಿತರು. ಮಕ್ಕಳು ನಿಂತರು. ನಾನು ಕೈ ಎತ್ತಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲರೂ ಹಿಂಗೋಡೆಯ ಕಡೆ ಕಿವಿಗೊಟ್ಟು ಕಾಯುತ್ತಿದ್ದರು. ಹೆಡ್‌ಮಾಸ್ತರರ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಕಡೆಗೆ ಆ ಹುಡುಗಿಯೇ ಸಣ್ಣಗೆ 'ಸಾ' ಎಂದಳು. ಉಳಿದವರು ಅವಳ ದನಿ ಹಿಡಿದುಕೊಂಡರು. ಅಷ್ಟು ಚೆಂದವಾಗಿ ಅವರು ಹಿಂದೆಂದೂ ಹಾಡಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಜೋರಾಗಿ, ಜೋರಾಗಿ ಎಂದು ಕೈಸನ್ನೆ ಮಾಡುತ್ತಲೇ ಇದ್ದರು. ಅಧಿಕಾರಿ ಮೊಬೈಲಿನಲ್ಲಿ ಯಾರಿಗೋ ಉತ್ತರ ಬರೆಯುತ್ತಿದ್ದರು.

ಹಾಡು ಮುಗಿದ ಮೇಲೆ ಅವರು ಎದ್ದು, ಕೇಳುವುದು ಎಷ್ಟು ದೊಡ್ಡ ಗುಣ ಎಂದು ಬಹಳ ಹೊತ್ತು ಮಾತಾಡಿದರು. ಕೊನೆಗೆ, "ಮಕ್ಕಳೇ, ಇಷ್ಟು ಹೊತ್ತು ಏನು ಕೇಳಿಸಿಕೊಂಡಿರಿ, ಯಾರು ಹೇಳುತ್ತೀರಿ?" ಎಂದರು.

ಹುಡುಗಿ ಕೈ ಎತ್ತಿದಳು. "ಸರ್, ನೀವು ಮ್ಯಾಲಿನ ದನಿಯಿಂದ ಸುರು ಮಾಡಿ ತಳಗ ಇಳೀತೀರಿ. ತಳಗ ಬಂದ ಮ್ಯಾಲೆ 'ಆದ್ದರಿಂದ' ಅಂತೀರಿ. ಆಮ್ಯಾಲೆ ಮತ್ತ ಮದಲಿಂದ ಸುರು ಮಾಡ್ತೀರಿ."

ಅವಳ ದನಿಯಲ್ಲಿ ಚೇಷ್ಟೆಯಿರಲಿಲ್ಲ. ಗುಬ್ಬಿ, ಕುಕ್ಕರ್ ಎಂದು ಹೇಳುವಾಗ ಇರುತ್ತಿದ್ದ ಅದೇ ಶ್ರದ್ಧೆ. ಅಧಿಕಾರಿ ನಕ್ಕರು. "ಜಾಣೆ. ಆದ್ದ..." ಎಂದು ಅಲ್ಲಿಗೇ ನಿಂತರು. ಬೇರೆ ಶಬ್ದ ಹುಡುಕಿದರು, ಸಿಗಲಿಲ್ಲ. ನಮಸ್ಕಾರ ಹೇಳಿ ಕಾರು ಹತ್ತಿದರು. ಮಕ್ಕಳ ದನಿ ಸಣ್ಣದು, ಸುಧಾರಣೆ ಬೇಕು ಎಂದು ಅವರ ವರದಿ ಬಂತು.

ವರದಿ ಬಂದ ದಿನ ಸಂಜೆ ಹೆಡ್‌ಮಾಸ್ತರರು ನನ್ನನ್ನು ಒಳಗೆ ಕರೆದರು. ಬೈಗುಳಕ್ಕೆ ಸಿದ್ಧಳಾಗಿಯೇ ಹೋದೆ. ಅವರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು: "ಮೇಡಂ, ನಾ ಮಾತಾಡುವಾಗ ಹಂಗೇನರ ಅಂತೇನೇನ್ರಿ?"

"ನಾಳೆ ಪ್ರಾರ್ಥನಾದಾಗ ಲಕ್ಷ್ಯ ಇಟ್ಟು ಕೇಳ್ತೇನ್ರಿ ಸರ್" ಎಂದೆ.

ಮರುದಿನ ಪ್ರಾರ್ಥನೆಯ ನಂತರ, ದಿನಾಲು ಉದ್ದಕ್ಕೆ ಭಾಷಣ ಮಾಡುತ್ತಿದ್ದ ಅವರು ಮೈಕ್ ಹಿಡಿದು, ಒಮ್ಮೆ ಆ ಹುಡುಗಿಯ ಕಡೆ ನೋಡಿ, "ಎಲ್ಲಾರೂ ಕ್ಲಾಸಿಗೆ ನಡೀರಿ" ಎಂದಷ್ಟೇ ಹೇಳಿದರು. ಕಣ್ಣು ಮುಚ್ಚಿ ತಯಾರಾಗಿ ನಿಂತಿದ್ದ ನಾಲ್ಕನೆಯ ತರಗತಿಯವರಿಗೆ ಬಹಳ ನಿರಾಸೆಯಾಯಿತು.