ಜೂಲಿಯಕ್ಕನ ದನಿಯಲ್ಲಿ

ಆಗೆಲ್ಲ ನಮ್ಮೂರು ಕಾಪುವಿಗೆ ಪ್ರೀತಿ, ಕಾಗದದ ಬದಲು ಮಾತು ತುಂಬಿಸಿದ ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು. ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ, ಟವೆಲಿನೊಳಗೆ ಸುತ್ತಿಕೊಂಡು, ಸಾಬೂನು ಸೆಂಟುಗಳ ಪರಿಮಳ ಹೀರಿಕೊಂಡು. ಬಂದ ಸಂಜೆಯೇ ಅದನ್ನು ಜಗಲಿಯಲ್ಲಿ ಹಾಕಬೇಕು, ನೆರೆಕರೆಯವರೆಲ್ಲ ಕೂತು ಕೇಳಬೇಕು. ಗುಟ್ಟು ಗಿಟ್ಟು ಏನಿಲ್ಲ. ಇಲ್ಲಿಂದ ಹೋದದ್ದನ್ನೂ ಅಷ್ಟೇ, ಅಲ್ಲಿ ಕೋಣೆಯವರೆಲ್ಲ ಒಟ್ಟಿಗೆ ಕೇಳುತ್ತಿದ್ದರು.

ನಾನು ಒಂಬತ್ತನೇ ಕ್ಲಾಸು. ಓದಿನಲ್ಲಿ ಸಾಧಾರಣ, ಅಣಕದಲ್ಲಿ ಫಸ್ಟ್ ರ‍್ಯಾಂಕು. ಬಸ್ಸಿನ ಕಂಡಕ್ಟರು, ಮೀನು ಮಾರುವ ಹೆಂಗಸರು, ಸೀನುವ ನನ್ನ ಅಪ್ಪ, ಯಾರನ್ನೂ ಬಿಟ್ಟವನಲ್ಲ. ಯಾರೂ ಸಿಗದ ದಿನ ಪೆಟ್ಟು ತಿಂದು ಅಳುವ ನನ್ನನ್ನೇ ಮಾಡಿ ತೋರಿಸುತ್ತಿದ್ದೆ.

ಪಕ್ಕದ ಮನೆಯ ಲಾರೆನ್ಸ್ ಪೊರ್ಬುಗಳ (ಕ್ರಿಶ್ಚಿಯನ್ ಹಿರಿಯರನ್ನು ನಮ್ಮಲ್ಲಿ ಹಾಗೇ ಕರೆಯುವುದು) ಮಗಳು ಜೂಲಿಯಕ್ಕನಿಗೆ ಕುವೈತಿನಲ್ಲಿದ್ದ ರಿಚರ್ಡನ ಜೊತೆ ಮದುವೆ ನಿಶ್ಚಯವಾಗಿತ್ತು. ಮುಖ ನೋಡಿಕೊಂಡದ್ದು ಒಮ್ಮೆ ಮಾತ್ರ. ಅವನ ಮೊದಲ ಕ್ಯಾಸೆಟ್ಟಿನಲ್ಲಿ, ಕೊಂಕಣಿಯ ನಡುವೆ, ‘ಮೈ ಸ್ವೀಟ್‌ಹಾರ್ಟ್’ ಎಂದು ಕೇಳಿದ್ದೇ ಎಲ್ಲರೂ ನನ್ನ ಕಡೆ ತಿರುಗಿದರು.

“ಅದು ಎಂತ ಮಾರಾಯ?” ಪೊರ್ಬುಗಳು ನನ್ನನ್ನು ಕೇಳಿದರು.

ನಾನು ನಮ್ಮ ಇಂಗ್ಲಿಷ್ ಟೀಚರಂತೆ ಇಲ್ಲದ ಕನ್ನಡಕ ಸರಿಸಿಕೊಂಡೆ. “ಡಿಯರ್ ಅಂದರೆ ಹೆಡ್‌ಮಾಸ್ಟರಿಗೂ ಬರೆಯಬಹುದು. ಡಾರ್ಲಿಂಗ್ ತೊಟ್ಟಿಲಿನ ಮಗುವಿಗೂ ಆಗ್ತದೆ. ಸ್ವೀಟ್‌ಹಾರ್ಟ್ ಒಬ್ಬರಿಗೆ ಮಾತ್ರ!”

ಎಲ್ಲರೂ ನಕ್ಕರು. ‘ಲವರ್’ ಎಂದರೇನೆಂದು ಟೀಚರ್ ಹೇಳಿಕೊಟ್ಟಿರಲಿಲ್ಲ. ಕೇಳಿದವನಿಗೆ ಡಸ್ಟರ್ ಎಸೆದಿದ್ದರು. ಹಾಗಾದರೆ ಅದೇ ಎಲ್ಲಕ್ಕಿಂತ ದೊಡ್ಡದು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಉತ್ತರ ಕಳಿಸಬೇಕಲ್ಲ. ಕಳ್ಳು ಹಾಕಿ ಉಬ್ಬಿಸಿದ, ಇಡ್ಲಿಯಂಥ ಸಾನ್ನಾದ ಹಿಟ್ಟಿನ ವಾಸನೆ ತುಂಬಿದ್ದ ಅಡುಗೆಮನೆಯಲ್ಲಿ ನಾವಿಬ್ಬರೇ. ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದರೆ ಸಾಕು, ಜೂಲಿಯಕ್ಕನ ಗಂಟಲು ಒಣಗುತ್ತಿತ್ತು. ತಮಾಷೆಗೆ ಅವಳ ದನಿಯಲ್ಲಿ ನಾನು ಮಾತಾಡಿದೆ. ಅವಳು ಬಾಯಿಗೆ ಸೆರಗು ಒತ್ತಿ ನಕ್ಕಳು.

“ನೀನೇ ಹೇಳಿಬಿಡು ಮಾರಾಯ. ಅವರಿಗೆ ಎಂತ ಗೊತ್ತಾಗ್ತದೆ? ಅವರು ಹೇಳಿದ್ದನ್ನೇ ಹೇಳು, ಸಾಕು.”

ನನಗೆ ಸಾಕಾಗಲಿಲ್ಲ. “ಮೈ ಲವರ್, ಐ ಆಮ್ ವೇಟಿಂಗ್” ಎಂದು ಒಂದು ನಿಟ್ಟುಸಿರನ್ನೂ ಸೇರಿಸಿದೆ.

“ಅದೆಂತದು?”

“ಸ್ವೀಟ್‌ಹಾರ್ಟ್‌ಗಿಂತ ದೊಡ್ಡದು.”

ಅವಳು ನಂಬಿದಳು.

ಮಳೆಗಾಲ ಮುಗಿದ ಮೇಲೆ ಉತ್ತರ ಬಂತು. ಜಗಲಿ ತುಂಬ ಜನ. ರಿಚರ್ಡನ ದನಿ ಮೊದಲಿನಂತಿರಲಿಲ್ಲ.

“ಜೂಲಿ, ಆ ಮಾತು ನಿನಗೆ ಯಾರು ಕಲಿಸಿದ್ದು? ಕೋಣೆಯವರೆಲ್ಲ ನಗ್ತಿದ್ದಾರೆ. ನಿನಗಿಂತ ಮೊದಲು ಯಾರನ್ನು ಲವರ್ ಅಂತ ಕರೆದಿದ್ದಾಳೆ ಕೇಳು ಅಂತಾರೆ. ಮದುವೆಯ ಮಾತು ಮುಂದುವರಿಸುವ ಮೊದಲು ನನಗೆ ಗೊತ್ತಾಗಬೇಕು.”

ಪೊರ್ಬುಗಳು ಕ್ಯಾಸೆಟ್ಟು ನಿಲ್ಲಿಸಿ ಮಗಳನ್ನು ನೋಡಿದರು. ನಾನು ಎದ್ದು ನಿಂತೆ.

“ಹೇಳಿದ್ದು ನಾನು. ಜೂಲಿಯಕ್ಕನ ದನಿ ಮಾಡಿ.”

“ಹೌದಾ? ಈಗ ಮಾಡು, ನೋಡುವ” ಎಂದರು ಪೊರ್ಬುಗಳು.

ಬಾಯಿ ತೆರೆದೆ. ಆ ಮಳೆಗಾಲದಲ್ಲಿ ನನ್ನ ಗಂಟಲು ಒಡೆದಿತ್ತು. ‘ಮೈ’ ಎನ್ನುವಾಗ ಕಪ್ಪೆ, ‘ಲವರ್’ ಎನ್ನುವಾಗ ಎಣ್ಣೆ ಕಾಣದ ಬಾವಿಯ ರಾಟೆ. ಮತ್ತೆ ಮತ್ತೆ ಪ್ರಯತ್ನಿಸಿದೆ. ಯಾರೋ ನಕ್ಕರು. “ಪಾಪ, ಒಳ್ಳೆಯ ಹುಡುಗ. ಅವಳನ್ನು ಉಳಿಸಲಿಕ್ಕೆ ಸುಳ್ಳು ಹೇಳ್ತಾನೆ” ಎಂದು ಇನ್ನೊಬ್ಬರು ನನ್ನ ಬೆನ್ನು ತಟ್ಟಿದರು. ತಿಂದ ಪೆಟ್ಟುಗಳನ್ನೆಲ್ಲ ಮರೆತಿದ್ದೇನೆ. ಆ ತಟ್ಟಿದ ಕೈ ಮಾತ್ರ ಇನ್ನೂ ಬೆನ್ನ ಮೇಲೆ ಉಂಟು.

ಜೂಲಿಯಕ್ಕ ಎದ್ದು ಬಂದಳು. ಎಲ್ಲರ ಎದುರೇ ಕೆಂಪು ಗುಂಡಿ ಒತ್ತಿದಳು. ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ.

“ಇದು ನನ್ನ ದನಿ. ಮೊದಲಿನದ್ದು ಪಕ್ಕದ ಮನೆಯ ಹುಡುಗನದ್ದು. ಎರಡನ್ನೂ ಹಾಕಿ ಕೇಳಿ. ನಂಬಿಕೆ ಬಂದರೆ ಬನ್ನಿ. ಇಲ್ಲದಿದ್ದರೆ ಬರುವುದು ಬೇಡ.”

ರಿಚರ್ಡ್ ಬಂದ. ಮದುವೆಯ ದಿನ ನನ್ನ ಕಿವಿ ಹಿಂಡಿ, “ಹಲೋ, ಮೈ ಲವರ್!” ಎಂದ. ಚಪ್ಪರವಿಡೀ ನಕ್ಕಿತು, ನಾನೂ ಹಲ್ಲು ಕಿರಿದೆ. ಜೂಲಿಯಕ್ಕ ನಗಲಿಲ್ಲ. “ಒಮ್ಮೆ ಕಂಡಕ್ಟರ್ ಮಾಡು” ಎಂದು ದಿನಾ ಪೀಡಿಸುತ್ತಿದ್ದವಳು ಆಮೇಲೆ ಎಂದೂ ಕೇಳಲಿಲ್ಲ.

ಈಗ ಜಗಲಿಯಲ್ಲಿ ಕೂತು ಯಾರೂ ಯಾರ ದನಿಯನ್ನೂ ಕಾಯುವುದಿಲ್ಲ. ಫೋನಿನಲ್ಲಿ ಕೆಂಪು ಹೃದಯಗಳು ಪುಕ್ಕಟೆ. ನಾನೂ ಕಂಡಕಂಡವರಿಗೆ ಕಳಿಸುತ್ತೇನೆ. ಆದರೆ ಹೆಂಡತಿ, “ನನಗೊಮ್ಮೆ ನಿಮ್ಮದೇ ದನಿಯಲ್ಲಿ ಏನಾದರೂ ಹೇಳಬಾರದಾ?” ಎಂದು ಕೇಳಿದಾಗ, ಯಾವುದೋ ಸಿನಿಮಾ ಹೀರೋನ ದನಿಯಲ್ಲಿ ಹೇಳಿ ನಗಿಸುತ್ತೇನೆ. ಅವಳು ನಗುತ್ತಾಳೆ. ನಕ್ಕು, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಾಳೆ. ಆಮೇಲೆ ಒಳಗೆ ಹೋಗುತ್ತಾಳೆ.