ಕೆನ್ನೆಗೆ ಬಿದ್ದ ಟೋನರ್ ಚುಕ್ಕೆ

ನನ್ನ ತಮ್ಮನ ಮಗಳು ವಸುಧಾಳ ಬಲಗೆನ್ನೆಯ ಮೇಲೆ ಮಚ್ಚೆ ಇಲ್ಲ. ಇದೆ ಎಂದು ಹೇಳಿದ ಪಾಪಿ ನಾನು.

ಯಾಕೆ ಅಂತೀರಾ? ವಿಜಯವಾಡದ ಒಂದು ಕನ್ನಡ ಕುಟುಂಬಕ್ಕೆ ಅವಳ ಬಯೋಡಾಟಾ ಕಳಿಸಬೇಕಿತ್ತು. ಹುಡುಗ ಕೊಂಡಪಲ್ಲಿ ಕಡೆ ಇಂಜಿನಿಯರ್. ಅವನ ಬಯೋಡಾಟಾ, ಫೋಟೋ ನೋಡಿ ವಸುಧಾಗೂ ಮನಸ್ಸಾಗಿತ್ತು. ಅದನ್ನು ಫೋಟೋ ಸಮೇತ ಪ್ರಿಂಟ್ ಹಾಕಿಸಲು ನನ್ನ ತಮ್ಮ ಡಿಟಿಪಿ ಅಂಗಡಿಗೆ ಹೊರಟಿದ್ದ. ತಡೆದವನು ನಾನೇ. ವಿಶಾಖಪಟ್ಟಣದ ನಮ್ಮ ಮನೆಯಲ್ಲೇ ಲೇಸರ್ ಪ್ರಿಂಟರ್ ಇರುವಾಗ (ಸೆಕೆಂಡ್ ಹ್ಯಾಂಡ್, ಆದರೂ ಲೇಸರ್) ಅಂಗಡಿ ಯಾಕೆ?

ಮೊದಲ ಹಾಳೆ ಮಸುಕಾಗಿ ಬಂತು. ಕಪ್ಪು ಪುಡಿ ತುಂಬಿದ ಟೋನರ್ ಡಬ್ಬಿ ತೆಗೆದು ಅಲ್ಲಾಡಿಸಿದೆ. ಅಕ್ಷರ ಕಪ್ಪಾಯಿತು. ಅಲ್ಲಿಗೆ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಡಬ್ಬಿಯೊಳಗಿನ ಹಸಿರು ಉರುಳೆಗೆ ಏನೋ ಅಂಟಿದಂತೆ ಕಂಡಿತು. ಉಗುರಿನಿಂದ ಕೆರೆದೆ. (ಅದನ್ನು ಮುಟ್ಟಲೇಬಾರದೆಂದು ಪ್ರಿಂಟರ್ ಜೊತೆ ಬಂದ ಪುಸ್ತಕದಲ್ಲಿದೆಯಂತೆ. ಇಂಗ್ಲಿಷ್ ಪುಸ್ತಕ. ನಾನು ಓದಿದ್ದು ಹೈಸ್ಕೂಲು.)

ಆಮೇಲೆ ಪ್ರತಿ ಹಾಳೆಯಲ್ಲೂ ಕಪ್ಪು ಚುಕ್ಕೆ. ಒಂದರಲ್ಲಿ ವಸುಧಾಳ ಹುಬ್ಬಿನ ಮೇಲೆ, ಒಂದರಲ್ಲಿ ಕಣ್ಣೊಳಗೆ, ಇನ್ನೊಂದರಲ್ಲಿ ಕೆನ್ನೆಗೆ. ಕಾಗದ ಬದಲಿಸಿದೆ. ಬಟ್ಟೆಯಲ್ಲಿ ಒರೆಸಿದೆ. ಆಫ್ ಮಾಡಿ ಆನ್ ಮಾಡಿದೆ. ಚುಕ್ಕೆ ಜಗ್ಗಲಿಲ್ಲ. ಕೊನೆಗೆ ಕೆನ್ನೆಯದೇ ಲಕ್ಷಣವಾಗಿದೆ ಎನಿಸಿತು. ಅದನ್ನೇ ಕೊರಿಯರ್ ಮಾಡಿದೆ.

ಹುಡುಗನ ತಾಯಿ ಫೋನ್ ಮಾಡಿದರು. ಕೆನ್ನೆಯ ಮಚ್ಚೆ ತುಂಬ ಕಳೆಯಾಗಿದೆ, ಹುಟ್ಟಿನಿಂದಲೇ ಬಂದದ್ದಾ ಎಂದು ಕೇಳಿದರು. ಪ್ರಿಂಟರ್ ಕೆಟ್ಟಿದೆ ಎನ್ನಲು ಎಷ್ಟು ಹೊತ್ತು ಬೇಕು? ನಾನು, ಹೌದು, ನಮ್ಮ ವಂಶದಲ್ಲೇ ಇದೆ ಎಂದುಬಿಟ್ಟೆ. ಹಾಗಾದರೆ ಭಾನುವಾರ ಹುಡುಗಿ ನೋಡಲು ಬರುತ್ತೇವೆ ಎಂದರು.

ಪರವಾಡದ ಔಷಧಿ ಕಂಪನಿಯಲ್ಲಿ ಶಿಫ್ಟ್ ಮುಗಿಸಿ ಬಂದ ವಸುಧಾ ಎಲ್ಲ ಕೇಳಿಸಿಕೊಂಡಳು.

"ದೊಡ್ಡಪ್ಪಾ, ನಾನು ಜೀವನಪೂರ್ತಿ ಕಾಡಿಗೆ ಚುಕ್ಕೆ ಇಟ್ಕೊಂಡು ಸಂಸಾರ ಮಾಡಬೇಕಾ? ಇದೇ ಸುಳ್ಳಾದ್ರೆ ಇನ್ನೇನೇನು ಸುಳ್ಳೋ ಅಂತ ಎದ್ದು ಹೋಗ್ತಾರೆ. ಈಗಲೇ ಫೋನ್ ಮಾಡಿ."

ಮಾಡಿದೆ. ಉಗುರು, ಉರುಳೆ, ಹಾಳೆ ಆರಿಸಿದ್ದು, ಎಲ್ಲ ಒಪ್ಪಿಕೊಂಡೆ. ಸಂಬಂಧ ಮುರಿಯಿತು ಎಂದುಕೊಂಡೆ. ವಸುಧಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಹುಡುಗನ ತಾಯಿ ತೆಲುಗು ಬೆರೆತ ಕನ್ನಡದಲ್ಲಿ ಮೆಲ್ಲಗೆ ಅಂದರು: "ಪರವಾಗಿಲ್ಲಂಡಿ. ನಮ್ಮ ಹುಡುಗನ ಫೋಟೋದಲ್ಲಿ ತಲೆತುಂಬ ಕೂದಲು ಕಾಣ್ತದಲ್ಲ, ಅದೂ ಪ್ರಿಂಟರ್‌ದೇ. ಕಪ್ಪು ಜಾಸ್ತಿ ಬಿದ್ದಿತ್ತು. ಹೇಗೆ ಹೇಳೋದು ಅಂತ ನಾನೂ ಒದ್ದಾಡ್ತಿದ್ದೆ."

ವಿಷಯ ಕೇಳಿ ವಸುಧಾ ನಕ್ಕು, ಭಾನುವಾರ ಬರಲಿ ಎಂದಳು.

ಪ್ರಿಂಟರನ್ನು ರಿಪೇರಿಗೆ ಕೊಟ್ಟಿದ್ದೇನೆ. ನನ್ನ ನಾಲಿಗೆಯನ್ನು ಯಾವ ಅಂಗಡಿಗೆ ಕೊಡಲಿ?