ಒಂದು ಗುಳಿಗೆ, ಒಂದು ಲೋಟ ನೀರು

ಉದ್ದಿನ ಕಾಳಿಗಿಂತ ತುಸುವೇ ದೊಡ್ಡದಾದ ಗುಳಿಗೆಯೊಂದನ್ನು ಒಳಗೆ ಕಳಿಸಲು ಲೋಟ ತುಂಬ ನೀರು ಯಾಕೆ ಬೇಕೆಂಬ ಜಿಜ್ಞಾಸೆ ದಿನವೂ ಮುಂಜಾನೆ ನನ್ನನ್ನು ಕಾಡುತ್ತದೆ. ಪುಣೆಯಲ್ಲಿ ಉಡುಪಿ ಹೋಟೆಲು ನಡೆಸುತ್ತಲೇ ತಲೆ ನರೆತವನು ನಾನು. ಗಿರಾಕಿ ಕೂತೊಡನೆ ಮೊದಲು ನೀರಿಡಬೇಕು, ಆಮೇಲೆ ಏನು ಬೇಕೆಂದು ಕೇಳಬೇಕು ಎಂಬುದು ನಮ್ಮ ವೃತ್ತಿಧರ್ಮ. ಊರಿಗೆಲ್ಲ ನೀರು ಕೊಟ್ಟವನಿಗೆ ತನ್ನ ಲೋಟವೇ ಭಾರವಾಗುವುದು ವಿಧಿಯ ವಿನೋದವಲ್ಲದೆ ಮತ್ತೇನು, ನೀವೇ ಹೇಳಿ.

ಗುಳಿಗೆ ಖಿನ್ನತೆಯದು. ಹೋದ ವರ್ಷ ಒಂದು ಬೆಳಿಗ್ಗೆ ಹೋಟೆಲಿನ ಷಟರ್ ಎತ್ತಲು ಬಗ್ಗಿದವನು, ಎತ್ತುವ ಮನಸ್ಸೇ ಬಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಮೆಟ್ಟಿಲನ್ನು ನೆನೆದರೆ ಈಗಲೂ ಭಯವಾಗುತ್ತದೆ. ಮನೋವೈದ್ಯರು ಗುಳಿಗೆ ಬರೆದುಕೊಟ್ಟು, ಜೊತೆಗೆ ಹಡಪಸರ ಬಡಾವಣೆಯ ಶನಿವಾರದ ಗುಂಪು ಚಿಕಿತ್ಸೆಗೂ ಹೋಗಿ ಎಂದರು. ಅಲ್ಲಿ ದುಂಡಗೆ ಕುರ್ಚಿ ಹಾಕಿಕೊಂಡು, ಆಪ್ತಸಲಹೆಗಾರ್ತಿಯ ಸಮ್ಮುಖದಲ್ಲಿ, ಅವರವರ ದುಃಖವನ್ನು ಮರಾಠಿಯಲ್ಲಿ ನಿವೇದಿಸಿಕೊಳ್ಳಬೇಕು. ನನ್ನ ಮರಾಠಿಯೋ, ಇಡ್ಲಿ ಸಾಂಬಾರಿನ ಸರಹದ್ದು ದಾಟಿದ್ದಲ್ಲ. ಹಾಗಾಗಿ ಯಾರ ಕಣ್ಣು ತುಂಬಿದರೂ ಥಟ್ಟನೆದ್ದು ಅವರ ಮುಂದೆ ನೀರಿಡುತ್ತಿದ್ದೆ. ನನ್ನ ಸರದಿ ಬರುವಾಗ ಹೂಜಿ ತುಂಬಿಸಲು ಹೋಗಿರುತ್ತಿದ್ದೆ. ಅಷ್ಟಕ್ಕೇ ಮನಸ್ಸು ಹಗುರಾದಂತೆ ತೋರಿ, ಒಂದು ಶನಿವಾರ ಡಬ್ಬಿ ತುಂಬ ಶೀರಾ ಒಯ್ದು ಹಂಚಿ, ನಾಳೆಯಿಂದ ಗುಳಿಗೆಗೆ ರಾಮ್ ರಾಮ್ ಎಂದು ಘೋಷಿಸಿದೆ.

ಸಲಹೆಗಾರ್ತಿ ಬಾಯಿ ತೆರೆಯುವ ಮೊದಲೇ ಶಾಂತಾಬಾಯಿ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ವಿಜಯಪುರದ ಕಡೆಯ ನಿವೃತ್ತ ಶಿಕ್ಷಕಿ. ಗುಂಪಿನಲ್ಲಿ ಕನ್ನಡ ಬಲ್ಲ ಇನ್ನೊಂದು ಜೀವ.

"ಬಿಡ್ರಿ ಅಂತ ಡಾಕ್ಟರ್ ಅಂದಾರೇನ್ರಿ?"

"ಇಲ್ಲ ಟೀಚರೇ. ಈಗ ಆರಾಮುಂಟಲ್ಲ, ಇನ್ನು ಯಾಕೆ ಅಂತ."

"ಹಂಚು ಕಾದದ ಅಂತ ಒಲಿ ಆರಿಸಿ ದ್ವಾಸಿ ಹೊಯ್ತೀರೇನು? ನಾನೂ ಭಾಳ ಶಾಣ್ಯಾಕಿ ಅಂತ ಹಂಗ ಬಿಟ್ಟಿದ್ದೆ. ಮುಂದ ಎಷ್ಟೋ ದಿನ ಹಾಸಿಗಿ ಬಿಟ್ಟು ಏಳಲಿಲ್ಲ."

ಜೀವಮಾನವಿಡೀ ದೋಸೆ ಮಾರಿದವನಿಗೇ ದೋಸೆಯ ಪಾಠ! ಅಭ್ಯಾಸಬಲದಿಂದ ಹೂಜಿಯತ್ತ ಎದ್ದೆ. ಅವರೇ ಅದನ್ನೆತ್ತಿ ಲೋಟ ತುಂಬಿಸಿ ನನ್ನ ಮುಂದಿಟ್ಟರು.

"ಎಲ್ಲಿ ಓಡ್ತೀರಿ? ಕೂಡ್ರಿ. ಮೊದಲ ನೀರು ಕುಡೀರಿ. ಆಮ್ಯಾಲೆ ಕನ್ನಡದಾಗ ಹೇಳ್ರಿ, ಮರಾಠಿ ನಾ ಮಾಡ್ತೀನಿ."

ಮೆಟ್ಟಿಲಿನ ಸಂಗತಿ ಹೇಳಿದೆ. ಹೇಳುತ್ತ ಅತ್ತೆ. ಶಾಂತಾಬಾಯಿ ಅದನ್ನು ಮರಾಠಿಗೆ ದಾಟಿಸಿ ಮುಗಿಸಿದಾಗ, ಎದುರಿದ್ದ ಮಾರ್ಕೆಟ್ ಯಾರ್ಡಿನ ಈರುಳ್ಳಿ ವ್ಯಾಪಾರಿ, "ಮಾಝಂ ಪಣ್ ಅಸಂಚ್," ನನ್ನದೂ ಹೀಗೇ, ಎಂದು ತಲೆ ತಗ್ಗಿಸಿದರು. ಅಷ್ಟು ದಿನ ಆ ಮೆಟ್ಟಿಲ ಮೇಲೆ ಕೂತವನು ನಾನೊಬ್ಬನೇ ಎಂದುಕೊಂಡಿದ್ದೆ.

ಗುಳಿಗೆ ನನ್ನನ್ನು ಆ ಕುರ್ಚಿಯವರೆಗೆ ನಡೆಸಿಕೊಂಡು ಹೋಗುತ್ತದೆ. ಅಲ್ಲಿ ಕೂತು ಬಾಯಿ ಬಿಡುವುದು ಮಾತ್ರ ನನ್ನದೇ ಪಾಲಿನ ಕೆಲಸ. ಗುಳಿಗೆ ಎಂದು ನಿಲ್ಲಬೇಕೆಂಬುದನ್ನು ವೈದ್ಯರಿಗೇ ಬಿಟ್ಟಿದ್ದೇನೆ. ಅಂದ ಹಾಗೆ, ಶಾಂತಾಬಾಯಿ ಕೊನೆಗೆ ಶೀರಾ ತಿಂದರು, ಸಕ್ಕರೆ ಜಾಸ್ತಿಯಾಯಿತೆಂದೂ ಹೇಳಿದರು.

ಈ ಬೆಳಿಗ್ಗೆಯೂ ಹೋಟೆಲಿನ ಮೆಟ್ಟಿಲ ಮೇಲೆ ಕೂತೆ, ಗುಳಿಗೆ ನುಂಗುವುದಕ್ಕೆ. ಲೋಟದ ನೀರನ್ನು ತಳ ಕಾಣುವವರೆಗೆ ಕುಡಿದು, ಎದ್ದು ಷಟರ್ ಎತ್ತಿದೆ.